ನಲ್ಲಿ ನಿಲ್ಲಿಸಿದವಳು

ಸಣ್ಣಕ್ಕ ಹೆಸರಿಗಷ್ಟೇ ಸಣ್ಣಕ್ಕ. ಅವಳು ಬಾಗಿಲಲ್ಲಿ ನಿಂತರೆ ಒಳಗಿದ್ದವರಿಗೆ ಅರ್ಧ ಬೆಳಕು ಕಡಿಮೆಯಾಗುತ್ತಿತ್ತು. ಎದ್ದು ಕೂರಲಾಗದ, ತಾವಾಗಿ ಉಣ್ಣಲಾಗದ ವಯಸ್ಸಾದವರನ್ನು ನೋಡಿಕೊಳ್ಳುವ ಆರೈಕೆ ಮನೆ ಅದು. ಅಲ್ಲಿನ ಮುಖ್ಯ ನರ್ಸನ್ನು ಎಲ್ಲರೂ ದೊಡ್ಡಕ್ಕ ಎಂದು ಕರೆಯುತ್ತಿದ್ದರು. ಸದಾ ಅವಳ ಬೆನ್ನ ಹಿಂದೆಯೇ ಓಡಾಡುವ ಆಯಾಗೆ ಸಣ್ಣಕ್ಕ ಎಂಬ ಹೆಸರು ತಾನಾಗಿ ಅಂಟಿಕೊಂಡಿತ್ತು. ದೊಡ್ಡಕ್ಕನೋ ಕಡ್ಡಿಯಂಥ ಹೆಂಗಸು. ಇಬ್ಬರೂ ಜೊತೆಯಾಗಿ ಬರುವುದನ್ನು ಕಂಡ ಹೊಸಬರು, ಇಲ್ಲಿ ಹೆಸರಿಟ್ಟವರಿಗೆ ಕಣ್ಣು ಸರಿಯಿರಲಿಲ್ಲವೇನೋ ಎಂದುಕೊಳ್ಳುತ್ತಿದ್ದರು.

ದೊಡ್ಡಕ್ಕ ಬರುವ ಮೊದಲು ಆ ಮನೆಯಲ್ಲಿ ತಪ್ಪು ಮಾಡಿದವರನ್ನು ಗೇಟಿನಾಚೆ ಕಳಿಸುವುದೇ ಆಡಳಿತವಾಗಿತ್ತು. ಹಾಗಾಗಿ ಯಾರೂ ತಪ್ಪು ಮಾಡುತ್ತಿರಲಿಲ್ಲ, ಅಂದರೆ ಯಾರೂ ಬಾಯಿ ಬಿಡುತ್ತಿರಲಿಲ್ಲ. ಒಂದು ಚಳಿಗಾಲ ಆಯಾ ಒಬ್ಬಳು ರಜೆ ಕೇಳಲು ಹೆದರಿ, ಜ್ವರದ ಮೈಯಲ್ಲೇ ಕೆಲಸಕ್ಕೆ ಬಂದು, ಕೆಮ್ಮನ್ನು ಸೆರಗಿನಲ್ಲಿ ನುಂಗಿಕೊಂಡು ಎಲ್ಲರಿಗೂ ಊಟ ಮಾಡಿಸಿದಳು. ಆ ಚಳಿಗಾಲ ಮುಗಿಯುವಷ್ಟರಲ್ಲಿ ಸಾಲು ಸಾಲು ಮಂಚಗಳು ಖಾಲಿಯಾದವು. ಹಾಸಿಗೆ ಮಡಚಿಟ್ಟು ಬರಿಯ ಕಬ್ಬಿಣ ಕಾಣುತ್ತಿದ್ದ ಆ ಮಂಚಗಳನ್ನು ಒರೆಸಿದವರಲ್ಲಿ ಸಣ್ಣಕ್ಕನೂ ಒಬ್ಬಳು. ಅದನ್ನು ಅವಳು ಯಾರ ಮುಂದೆಯೂ ಹೇಳಿಕೊಳ್ಳುತ್ತಿರಲಿಲ್ಲ.

ಅದಾದ ಮೇಲೆ ಬಂದ ದೊಡ್ಡಕ್ಕ ಹೊಸ ಔಷಧಿಯನ್ನೂ ತರಲಿಲ್ಲ, ಹೊಸ ಯಂತ್ರವನ್ನೂ ತರಲಿಲ್ಲ. ಒಂದು ಮಾತು ತಂದಳು, 'ಕೈ'. ಒಬ್ಬರನ್ನು ಮುಟ್ಟಿ ಇನ್ನೊಬ್ಬರನ್ನು ಮುಟ್ಟುವ ಮೊದಲು ಯಾರಾದರೂ ಕೈ ತೊಳೆಯದೆ ಹೋದರೆ, ನೋಡಿದವರು ಮೆತ್ತಗೆ 'ಕೈ' ಅನ್ನಬೇಕು. ಅನ್ನಿಸಿಕೊಂಡವರು ಮುಖ ಗಂಟು ಹಾಕದೆ ಹೋಗಿ ತೊಳೆದುಕೊಂಡು ಬರಬೇಕು. ಯಾಕೆ, ಏನು ಎಂಬ ಚರ್ಚೆಯೇ ಇಲ್ಲ. ಮೊದಮೊದಲು ಎಲ್ಲರಿಗೂ ಇದು ನಗೆಪಾಟಲಾಗಿತ್ತು. ಸಣ್ಣಕ್ಕ ಮಾತ್ರ ಅದನ್ನು ಜೀವಕ್ಕೆ ಹಚ್ಚಿಕೊಂಡಳು. ವಾರಕ್ಕೊಮ್ಮೆ ಠಾಕುಠೀಕಾಗಿ ಬರುತ್ತಿದ್ದ ಡಾಕ್ಟರು ಒಂದು ದಿನ ಒಬ್ಬ ಅಜ್ಜನ ಹುಣ್ಣು ನೋಡಿ ನೇರ ಪಕ್ಕದ ಅಜ್ಜಿಯ ನಾಡಿ ಹಿಡಿಯಲು ಹೋದಾಗ, ಇವಳು ನಡುವೆ ಗೋಡೆಯ ಹಾಗೆ ನಿಂತು 'ಕೈ' ಅಂದುಬಿಟ್ಟಳು. ಡಾಕ್ಟರ ಕಿವಿ ಕೆಂಪಾಯಿತು, ಆದರೂ ಹೋಗಿ ತೊಳೆದುಕೊಂಡರು. ಅವತ್ತಿನಿಂದ ಸಣ್ಣಕ್ಕನಿಗೆ ಕೈಪೊಲೀಸ್ ಎಂಬ ಬಿರುದೂ ಬಂತು. ಹೊರಗೆ ಸಿಡಿಮಿಡಿ ಮಾಡಿದರೂ ಒಳಗೊಳಗೆ ಅವಳಿಗೆ ಅದು ಇಷ್ಟವೇ.

ಇನ್ನೊಂದು ಪದ್ಧತಿಯೂ ಇತ್ತು. ವಾರದ ಮೊದಲ ದಿನ ಬೆಳಿಗ್ಗೆ ಊಟದ ಹಾಲ್‌ನಲ್ಲಿ ಎಲ್ಲರೂ ಸೇರಿ, ತಮ್ಮ ಕೈಯಿಂದ ಏನಾದರೂ ಎಡವಟ್ಟಾಗಿದ್ದರೆ ಹೇಳಬೇಕು. ಬೈಗುಳವಿಲ್ಲ, ಶಿಕ್ಷೆಯಿಲ್ಲ. ಹೇಳಿ ಮುಗಿಸಿದ ಮೇಲೆ ಉಳಿದವರೆಲ್ಲ 'ಕೇಳಿದೆವು' ಅನ್ನಬೇಕು, ಆಮೇಲೆ ಅದು ಮತ್ತೆ ಆಗದ ಹಾಗೆ ಏನು ಮಾಡಬಹುದೆಂದು ಯೋಚಿಸಬೇಕು. ಇದು ಬೇರೂರಲು ವರ್ಷಗಳೇ ಹಿಡಿದವು. ಯಾರೂ ತಮ್ಮ ತಲೆಯ ಮೇಲೆ ತಾವೇ ಕಲ್ಲು ಹಾಕಿಕೊಳ್ಳಲು ಮುಂದೆ ಬರುವುದಿಲ್ಲ ನೋಡಿ. ಆದರೂ ಬೇರೂರಿತು.

ದೊಡ್ಡಕ್ಕನ ತಾಯಿಯೂ ಅದೇ ಮನೆಯಲ್ಲಿದ್ದಳು, ಬಲಗಡೆ ಸಾಲಿನ ಕೊನೆಯ ಕೋಣೆಯಲ್ಲಿ. ಜೀವಮಾನವೆಲ್ಲ ಸಣ್ಣ ಮಕ್ಕಳಿಗೆ ಪಾಠ ಹೇಳಿದವಳು, ಎಲ್ಲರ ಬಾಯಲ್ಲಿ ಟೀಚರಜ್ಜಿ. ಮರೆವಿನ ಕಾಯಿಲೆ ಅವಳಿಂದ ಗಂಡನನ್ನು, ಮನೆಯನ್ನು, ಕೊನೆಗೆ ಮಗಳನ್ನೂ ಕಿತ್ತುಕೊಂಡಿತ್ತು. ತರಗತಿಯೊಂದನ್ನು ಮಾತ್ರ ಬಿಟ್ಟಿತ್ತು. ಊಟ ಮಾಡಿಸಲು ಬಂದವರು ಮೊದಲು ಎರಡೂ ಕೈ ಚಾಚಿ ತೋರಿಸಬೇಕು. ಅಜ್ಜಿ ಕೈ ತಿರುಗಿಸಿ ಮುರುಗಿಸಿ ಉಗುರು ನೋಡಿ, 'ಶುಭ್ರವಾಗಿದೆ, ಜಾಣೆ' ಅಂದ ಮೇಲೆಯೇ ಬಾಯಿ ತೆರೆಯುವುದು. ಕೊಳೆಬಟ್ಟೆ ಒಯ್ಯಲು ಬರುವ ಲಾಂಡ್ರಿಯ ಬಟ್ಟೆಯಣ್ಣನಿಂದಂತೂ ಅವಳು ಮಗ್ಗಿ ಹೇಳಿಸುತ್ತಿದ್ದಳು. ಶಾಲೆಯ ಮೆಟ್ಟಿಲನ್ನು ಅರ್ಧಕ್ಕೇ ಇಳಿದಿದ್ದ ಆ ಗಂಡಸು, ತಲೆ ನರೆತ ವಯಸ್ಸಿನಲ್ಲಿ ಟ್ರಾಲಿ ಹಿಡಿದುಕೊಂಡು ಏಳರ ಮಗ್ಗಿಯಲ್ಲಿ ತಡವರಿಸುತ್ತಿದ್ದ. ತಪ್ಪಿದರೂ ಅಜ್ಜಿ ಅವನನ್ನು ಪಾಸು ಮಾಡುತ್ತಿದ್ದಳು.

ಸ್ವಂತ ಮಗಳು ಬಂದರೆ ಮಾತ್ರ ಅಜ್ಜಿ, ನೀವು ಯಾವ ಮಗುವಿನ ತಾಯಿ ಎಂದು ಕೇಳುತ್ತಿದ್ದಳು. ದೊಡ್ಡಕ್ಕ ಏನೋ ಒಂದು ಹೇಳಿ ನಕ್ಕು ಹೊರಗೆ ಬರುತ್ತಿದ್ದಳು. ಆ ನಗು ಕಾರಿಡಾರಿನ ತಿರುವು ದಾಟುವವರೆಗೂ ಉಳಿಯುತ್ತಿರಲಿಲ್ಲ ಎಂಬುದು ಸಣ್ಣಕ್ಕನಿಗೆ ಗೊತ್ತಿತ್ತು.

ಹೀಗಿರುವಾಗ ಎಡಗಡೆಯ ಸಾಲಿಗೆ ವಾಂತಿಭೇದಿ ಹೊಕ್ಕಿತು. ಗಟ್ಟಿ ಇದ್ದವರಿಗೆ ಹೊಟ್ಟೆ ತೊಳಸಿ ಹೋಗುವ ಕಾಯಿಲೆ, ಎಲುಬು ತೊಗಲು ಮಾತ್ರ ಉಳಿದವರಿಗೆ ಜೀವಕ್ಕೇ ಕುತ್ತು. ದೊಡ್ಡಕ್ಕ ಅಂದೇ ಎಡಗಡೆಯನ್ನು ಮುಚ್ಚಿದಳು. ಅಲ್ಲಿ ಕೆಲಸ ಮಾಡುವವರು ಬಲಗಡೆಗೆ ಬರುವ ಹಾಗಿಲ್ಲ. ಬರಲೇಬೇಕಾದರೆ ಏಪ್ರನ್ನು, ಗ್ಲೌಸು ಕಳಚಿ, ಊಟದ ಹಾಲ್‌ನ ಬಾಗಿಲ ಪಕ್ಕದ ಬೇಸಿನ್ನಿನಲ್ಲಿ ಸೋಪು ಹಚ್ಚಿ ಚೆನ್ನಾಗಿ ಕೈ ತೊಳೆದೇ ಬರಬೇಕು. ಕಾಯಿಲೆಯ ಕಡೆಗೆ ತಾನೇ ನಿಂತು, ತಾಯಿ ಇರುವ ಕಡೆಯನ್ನು ಸಣ್ಣಕ್ಕನಿಗೆ ಒಪ್ಪಿಸಿದಳು. ಸಣ್ಣಕ್ಕ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು. ಮೊದಲ ಕೆಲವು ದಿನ ಬಲಗಡೆ ಒಬ್ಬರಿಗೂ ಏನೂ ಆಗಲಿಲ್ಲ.

ಒಂದು ಸಂಜೆ ಸಣ್ಣಕ್ಕ ಹಾಲಿನಲ್ಲಿ ನೆನೆಸಿದ ಬ್ರೆಡ್ಡು ಹಿಡಿದು ಟೀಚರಜ್ಜಿಯ ಕೋಣೆಗೆ ಹೋದಾಗ, ಅಜ್ಜಿ ಮಂಚದ ಮೇಲೆ ನೆಟ್ಟಗೆ ಕೂತಿದ್ದಳು. ಕಣ್ಣು ತಿಳಿಯಾಗಿದ್ದವು. ಪುಟ್ಟಿ ಎಲ್ಲಿ, ಇಷ್ಟು ಹೊತ್ತಾದರೂ ಯಾಕೆ ಬಂದಿಲ್ಲ ಎಂದು ಕೇಳಿದಳು. ಯಾವ ಪುಟ್ಟಿ ಎಂದು ಸಣ್ಣಕ್ಕ ಕೇಳಿದ್ದಕ್ಕೆ, ನನ್ನ ಮಗಳು, ನರ್ಸ್ ಕೆಲಸ ಮಾಡುತ್ತಾಳಲ್ಲ, ಅವಳು ಅಂದಳು. ಸಣ್ಣಕ್ಕ ತಟ್ಟೆಯನ್ನು ಅಲ್ಲೇ ಕುಕ್ಕಿ, ಆ ದೇಹ ಹೊತ್ತುಕೊಂಡು ಎಂದೂ ಓಡದವಳು ಊಟದ ಹಾಲ್‌ವರೆಗೂ ಓಡಿದಳು.

ದೊಡ್ಡಕ್ಕ ಆಗಷ್ಟೇ ಕಾಯಿಲೆಯ ಕಡೆಯಿಂದ ಬಂದು ಏಪ್ರನ್ನು, ಗ್ಲೌಸು ಕಳಚಿ, ಬೇಸಿನ್ನಿನ ಮುಂದೆ ನಿಂತು ನಲ್ಲಿ ತಿರುಗಿಸುತ್ತಿದ್ದಳು.

"ಅಕ್ಕಾ, ಬೇಗ ಬನ್ನಿ. ಅಮ್ಮನಿಗೆ ನಿಮ್ಮ ನೆನಪು ಬಂದಿದೆ. ಪುಟ್ಟಿ ಎಲ್ಲಿ ಅಂತ ಕೇಳ್ತಿದ್ದಾರೆ."

ದೊಡ್ಡಕ್ಕ ಅವಳ ಮುಖ ನೋಡಿದಳು. ಆಮೇಲೆ ನೀರನ್ನೂ ಮುಟ್ಟದೆ, ಸೋಪಿನ ಬಾಟಲಿಯನ್ನೂ ಮುಟ್ಟದೆ, ಸಣ್ಣಕ್ಕನ ಪಕ್ಕದಿಂದಲೇ ಹಾದು ಓಡಿಹೋದಳು. ಬೇಸಿನ್ನಿನಲ್ಲಿ ನೀರು ಸುರಿಯುತ್ತಲೇ ಇತ್ತು. ಸಣ್ಣಕ್ಕ ಹೋಗಿ ನಲ್ಲಿ ನಿಲ್ಲಿಸಿದಳು. ನಿಲ್ಲಿಸುವಾಗಲೇ ದೊಡ್ಡಕ್ಕ ಕೈ ತೊಳೆದಿಲ್ಲ ಎಂಬುದು ಅವಳಿಗೆ ಹೊಳೆಯಿತು. ಡಾಕ್ಟರಿಗೂ ಹೆದರದ ಆ ಒಂದು ಮಾತು ನಾಲಿಗೆಯ ತುದಿಗೆ ಬಂತು. ಅದನ್ನು ಹಿಡಿದುಕೊಂಡೇ ಅವಳು ಏದುಸಿರು ಬಿಡುತ್ತ ಬಲಗಡೆಯ ಕೊನೆಯ ಕೋಣೆಯವರೆಗೆ ಹೋದಳು.

ಒಳಗೆ ದೊಡ್ಡಕ್ಕ ಮಂಚದ ಮುಂದೆ ಮೊಣಕಾಲೂರಿ ಕೂತಿದ್ದಳು. ಟೀಚರಜ್ಜಿ ಮಗಳ ಎರಡೂ ಕೈ ಹಿಡಿದು ತಿರುಗಿಸಿ ಮುರುಗಿಸಿ ನೋಡುತ್ತಿದ್ದಳು.

"ಶುಭ್ರವಾಗಿದೆ," ಅಂದಳು ಅಜ್ಜಿ. "ನನ್ನ ಪುಟ್ಟಿ ಯಾವತ್ತೂ ಜಾಣೆ."

ಹಾಗೆಂದು ಆ ಕೈಗಳನ್ನು ತನ್ನ ಎರಡೂ ಕೆನ್ನೆಗೆ ಒತ್ತಿಕೊಂಡಳು. ಬಾಗಿಲಲ್ಲಿ ನಿಂತ ಸಣ್ಣಕ್ಕ ಬಾಯಿ ತೆರೆದಳು. ಈಗ 'ಕೈ' ಅಂದರೆ ದೊಡ್ಡಕ್ಕ ಏಳುತ್ತಾಳೆ, ಹೋಗಿ ತೊಳೆದುಕೊಂಡು ಬರುತ್ತಾಳೆ. ಅಷ್ಟರಲ್ಲಿ ಅಜ್ಜಿಯ ಕಣ್ಣು ಮತ್ತೆ ಮಬ್ಬಾಗಿರುತ್ತದೆ. ಒಂದು ಗಳಿಗೆ ಇರಲಿ, ಆಮೇಲೆ ಹೇಳೋಣ ಎಂದುಕೊಂಡಳು. ಮಗಳು ಬ್ರೆಡ್ಡು ತುತ್ತು ಮಾಡಿ ಕೈಯಾರೆ ತಿನ್ನಿಸಿದಳು, ಅಜ್ಜಿ ಮಕ್ಕಳ ಹಾಗೆ ಬಾಯಿ ತೆರೆದು ತಿಂದಳು. ಆ ಗಳಿಗೆ ಮುಗಿಯಲೇ ಇಲ್ಲ. ಸಣ್ಣಕ್ಕ ಮಾತನ್ನು ನುಂಗಿಕೊಂಡಳು. ಹೆದರಿ ನುಂಗಿದ್ದಲ್ಲ, ಕರುಣೆಯಿಂದ ನುಂಗಿದ್ದು. ಅದನ್ನೇ ಆಮೇಲೆ ಅವಳಿಗೆ ತಡೆದುಕೊಳ್ಳಲಾಗದೆ ಹೋದದ್ದು.

ಅಜ್ಜಿ ನಿದ್ದೆ ಹೋದ ಮೇಲೆ ದೊಡ್ಡಕ್ಕ ಹೊರಗೆ ಬಂದು ಸಣ್ಣಕ್ಕನ ಕೈ ಹಿಡಿದು ಅತ್ತಳು, ನಕ್ಕಳು, ಮತ್ತೆ ಅತ್ತಳು. ಆಗಲೂ ಸಣ್ಣಕ್ಕ ಏನೂ ಹೇಳಲಿಲ್ಲ. ದೊಡ್ಡಕ್ಕ ಹೋದ ಮೇಲೆ ತಾನು ಮಾತ್ರ ಹೋಗಿ ಮೊಣಕೈವರೆಗೆ ಸೋಪು ಹಚ್ಚಿ ಕೈ ತೊಳೆದುಕೊಂಡಳು.

ಎರಡು ದಿನ ಕಳೆದ ಮೇಲೆ ಮಧ್ಯಾಹ್ನ ಟೀಚರಜ್ಜಿಗೆ ವಾಂತಿ ಶುರುವಾಯಿತು. ಸಲೈನು ಹಾಕಿದರು, ಡಾಕ್ಟರು ಬಂದರು, ಬಂದವರು ಹೋಗದೆ ಅಲ್ಲೇ ಕೂತರು. ಸುಕ್ಕುಬಿದ್ದ ಆ ಪುಟ್ಟ ದೇಹದಲ್ಲಿ ಹೋರಾಡಲು ಏನೂ ಉಳಿದಿರಲಿಲ್ಲ. ಕೊನೆಯಲ್ಲಿ ಅಜ್ಜಿ ಮಗಳನ್ನು ನೋಡಿ, ನೀವು ಯಾವ ಮಗುವಿನ ತಾಯಿ ಎಂದು ಕೇಳಿದಳು. ಮತ್ತೆ ಮಾತಾಡಲಿಲ್ಲ. ಬಲಗಡೆಯಲ್ಲಿ ಇನ್ನೂ ಕೆಲವರಿಗೆ ಕಾಯಿಲೆ ತಗುಲಿತು. ಅವರು ಹೇಗೋ ಚೇತರಿಸಿಕೊಂಡರು.

ತಾಯಿಯನ್ನು ಕಳಿಸಿಕೊಟ್ಟು ಬಂದ ದೊಡ್ಡಕ್ಕ ವಾರದ ಮೊದಲ ದಿನದ ಸಭೆ ತಪ್ಪಿಸಲಿಲ್ಲ. ಎಡಗಡೆಯ ಕಾಯಿಲೆ ಬಲಗಡೆಗೆ ದಾಟಿದ್ದು ಹೇಗೆ, ಯಾರಿಗಾದರೂ ಏನಾದರೂ ಗೊತ್ತಿದೆಯೇ ಎಂದು ಕೇಳಿದಳು. ಸಣ್ಣಕ್ಕ ನೆಲ ನೋಡಿದಳು. ಎದ್ದು ನಿಂತವನು ಬಟ್ಟೆಯಣ್ಣ. ಅಜ್ಜಿಗೆ ವಾಂತಿ ಶುರುವಾದ ದಿನ ಬೆಳಿಗ್ಗೆ ಹಿಂಬಾಗಿಲ ಚಿಲಕ ಸಿಕ್ಕಿಹಾಕಿಕೊಂಡಿತ್ತಂತೆ. ಸುತ್ತಿ ಹೋಗಲು ಬೇಸರವಾಗಿ, ಎಡಗಡೆಯ ಕೊಳೆಬಟ್ಟೆಯ ಟ್ರಾಲಿಯನ್ನು ಬಲಗಡೆಯ ಕಾರಿಡಾರಿನಲ್ಲೇ ತಳ್ಳಿಕೊಂಡು ಹೋದನಂತೆ. ಒಂದು ಚೀಲದ ಬಾಯಿ ಸರಿಯಾಗಿ ಕಟ್ಟಿರಲಿಲ್ಲವಂತೆ. ಎಲ್ಲರೂ 'ಕೇಳಿದೆವು' ಅಂದರು. ದೊಡ್ಡಕ್ಕನೂ ಅಂದಳು.

ಬಾಯಿ ಕೇಳಿದೆವು ಅಂದರೂ ಕಣ್ಣು ಹಾಗೆ ಅನ್ನಲಿಲ್ಲ. ಮರುದಿನದಿಂದ ಬಟ್ಟೆಯಣ್ಣನ ಟ್ರಾಲಿ ಬಂದರೆ ಜನ ಗೋಡೆಗೆ ಸರಿದು ನಿಲ್ಲತೊಡಗಿದರು. ಅಡುಗೆಮನೆಯಲ್ಲಿ ಅವನು ಕಾಲಿಟ್ಟರೆ ಮಾತು ನಿಲ್ಲುತ್ತಿತ್ತು. ಅವನೇ ಮೊದಲು ಒಪ್ಪಿಕೊಂಡ, ಹಾಗಾಗಿ ತಪ್ಪೂ ಅವನದೇ ಆಯಿತು. ಇಷ್ಟು ವರ್ಷ ಕಷ್ಟಪಟ್ಟು ಕಟ್ಟಿದ ಪದ್ಧತಿಯ ಬೆಲೆ ಕೊನೆಗೆ ಇಷ್ಟೇ. ಅವನಾದರೂ ಯಾರನ್ನೂ ದೂರಲಿಲ್ಲ. ಒಂದು ದಿನ ಲಾಂಡ್ರಿಯಲ್ಲಿ ಒದ್ದೆ ಬೆಡ್‌ಶೀಟು ಹಿಂಡುತ್ತ ಸಣ್ಣಕ್ಕನ ಮುಂದೆ ಅಂದ, "ನನ್ನನ್ನ ಪಾಸು ಮಾಡಿದವರು ಅವರೊಬ್ಬರೇ. ಅವರನ್ನೇ ತಿಂದುಬಿಟ್ಟೆ ನಾನು."

ಸಣ್ಣಕ್ಕ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಟ್ರಾಲಿ ಬಂದದ್ದು ಬೆಳಿಗ್ಗೆ, ವಾಂತಿಯಾದದ್ದು ಅದೇ ಮಧ್ಯಾಹ್ನ. ಈ ಕಾಯಿಲೆ ತಗುಲಿದ ಮೇಲೆ ಕಾಣಿಸಿಕೊಳ್ಳಲು ಒಂದು ದಿನವಾದರೂ ಬೇಕು ಎಂದು ದೊಡ್ಡಕ್ಕನೇ ಅವರಿಗೆಲ್ಲ ಹೇಳಿಕೊಟ್ಟಿದ್ದಳು. ಹಾಗಾದರೆ ಟ್ರಾಲಿಯಲ್ಲ. ಕಾಯಿಲೆ ದಾಟಿದ್ದು ಹೇಗೆಂದು ಗೊತ್ತಿದ್ದವಳು ಸಣ್ಣಕ್ಕ ಒಬ್ಬಳೇ. ಬಾಯಿ ಬಿಟ್ಟರೆ ಒಬ್ಬ ಮಗಳಿಗೆ, ನಿನ್ನ ಕೈಯೇ ನಿನ್ನ ತಾಯಿಯನ್ನು ಕೊಂದಿತು ಅಂದ ಹಾಗೆ. ಬಾಯಿ ಮುಚ್ಚಿಕೊಂಡರೆ ಈ ಬಡಪಾಯಿ ಸಾಯುವವರೆಗೂ ಇದನ್ನು ಹೊತ್ತುಕೊಂಡು ತಿರುಗಬೇಕು. ಬಸ್ಸು ಓಡಿಸುವ ಅವಳ ಗಂಡ ಎಲ್ಲ ಕೇಳಿ, ಹೋದವರು ಹೋದರು, ಇದ್ದವರ ಹೊಟ್ಟೆ ಯಾಕೆ ಉರಿಸುತ್ತೀಯ ಅಂದ. ಅವನ ಮಾತು ಸರಿ ಅನ್ನಿಸಿತು. ಅದು ಸರಿ ಅನ್ನಿಸಿದ್ದಕ್ಕೆ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

ವಾರದ ಕೊನೆಗೆ ಬಟ್ಟೆಯಣ್ಣ ಕೆಲಸ ಬಿಡುವುದಾಗಿ ಹೇಳಿದ. ಅದನ್ನು ಕೇಳಿದ ಮೇಲೆ ಸಣ್ಣಕ್ಕನಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ನೇರ ಬಲಗಡೆಯ ಕೊನೆಯ ಕೋಣೆಗೆ ಹೋದಳು.

ದೊಡ್ಡಕ್ಕ ಒಬ್ಬಳೇ ತಾಯಿಯ ಮಂಚ ಒರೆಸುತ್ತಿದ್ದಳು. ಹಾಸಿಗೆ ತೆಗೆದಾಗಿತ್ತು. ಬಕೆಟ್ಟಿನ ಔಷಧಿ ನೀರಿನ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಸಣ್ಣಕ್ಕ ಬಾಗಿಲು ಹಾಕಿ, ಅದಕ್ಕೇ ಬೆನ್ನು ಕೊಟ್ಟು ನಿಂತು ಹೇಳಿದಳು.

"ಅಕ್ಕಾ, ಅವತ್ತು ಅಮ್ಮ ನಿಮ್ಮನ್ನ ಗುರುತು ಹಿಡಿದಾಗ ನೀವು ಕೈ ತೊಳೀಲಿಲ್ಲ. ನಾನು ನೋಡಿದೆ. ಹೇಳಲಿಲ್ಲ."

ದೊಡ್ಡಕ್ಕನ ಕೈ ನಿಲ್ಲಲಿಲ್ಲ. ಮಂಚದ ಒಂದು ಕಾಲು ಒರೆಸಿದಳು, ಇನ್ನೊಂದು ಕಾಲು ಒರೆಸಿದಳು. ಆಮೇಲೆ ಬಟ್ಟೆಯನ್ನು ಬಕೆಟ್ಟಿಗೆ ಹಾಕಿ, ತಲೆ ಎತ್ತದೆ ಕೇಳಿದಳು.

"ನಲ್ಲಿ ನಿಲ್ಲಿಸಿದ್ದು ನೀನಾ?"

"ಹೂಂ."

ದೊಡ್ಡಕ್ಕ ಬರಿಯ ಮಂಚದ ಮೇಲೆ ಕೂತಳು. ಕಬ್ಬಿಣ ಕಿರ್ರೆಂದಿತು. ತನ್ನ ಎರಡೂ ಕೈ ಚಾಚಿ ನೋಡಿಕೊಂಡಳು.

"ಅಮ್ಮನಿಗೆ ಶುರುವಾದ ದಿನ ನಾನು ಆ ಬೇಸಿನ್ ಹತ್ರ ಹೋಗಿ ನಿಂತೆ. ಅವತ್ತು ಏನು ಮಾಡಿದೆ ಅಂತ ನೆನಪು ಮಾಡಿಕೊಂಡೆ. ನಲ್ಲಿ ತಿರುಗಿಸಿದ್ದು ನೆನಪಿತ್ತು, ನಿಲ್ಲಿಸಿದ್ದು ನೆನಪಿರಲಿಲ್ಲ. ಆದರೆ ಅವತ್ತು ಅಮ್ಮನ ಹತ್ರದಿಂದ ವಾಪಸ್ ಬಂದಾಗ ನಲ್ಲಿ ನಿಂತಿತ್ತು. ಹಾಗಾದರೆ ತೊಳೆದೇ ನಿಲ್ಲಿಸಿರ್ತೀನಿ ಅಂತ ಅಂದುಕೊಂಡೆ. ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡೆ."

ಸಣ್ಣಕ್ಕ ಅಲ್ಲೇ ನೆಲದ ಮೇಲೆ ಕೂತಳು. ಆ ಕೋಣೆಯಲ್ಲಿ ಅವಳಿಗೆ ಅಳುವಷ್ಟು ಹಕ್ಕೂ ಇದೆ ಅನ್ನಿಸಲಿಲ್ಲ.

"ಟ್ರಾಲಿಯಿಂದ ಅಲ್ಲ ಅಂತ ನನಗೆ ಗೊತ್ತಿತ್ತು," ಅಂದಳು ದೊಡ್ಡಕ್ಕ. "ಬೆಳಿಗ್ಗೆ ತಗುಲಿ ಮಧ್ಯಾಹ್ನ ವಾಂತಿಯಾಗಲ್ಲ. ಗೊತ್ತಿದ್ದೂ ಅವನು ಹೇಳುವಾಗ ಸುಮ್ಮನಿದ್ದೆ. ಅವನದೇ ತಪ್ಪಾಗಿರಲಿ ಅಂತ ಒಳಗೆ ಬೇಡಿಕೊಳ್ತಿದ್ದೆ."

ಮುಂದಿನ ಸಭೆಯಲ್ಲಿ ದೊಡ್ಡಕ್ಕ ಎಲ್ಲವನ್ನೂ ಹೇಳಿದಳು. ಒಂದನ್ನೂ ಬಿಡಲಿಲ್ಲ, ಒಂದಕ್ಕೂ ಬಣ್ಣ ಹಚ್ಚಲಿಲ್ಲ. ಅವಳು ಕೂತ ಮೇಲೆ ಸಣ್ಣಕ್ಕ ಎದ್ದು ನಿಂತು ತನ್ನದನ್ನೂ ಹೇಳಿದಳು. ಅಡುಗೆಯವಳು ಬಾಯಿಗೆ ಬಟ್ಟೆ ಒತ್ತಿಕೊಂಡಳು. ಇಷ್ಟು ವರ್ಷ ಚಿಕ್ಕಪುಟ್ಟ ಎಡವಟ್ಟುಗಳಿಗೆಲ್ಲ ಒಕ್ಕೊರಲಿನಿಂದ 'ಕೇಳಿದೆವು' ಅಂದವರಿಗೆ ಅವತ್ತು ನಾಲಿಗೆ ಹೊರಳಲಿಲ್ಲ.

ಕೊನೆಯ ಬೆಂಚಿನಿಂದ ಬಟ್ಟೆಯಣ್ಣ ಎದ್ದ. ಬಾಗಿಲವರೆಗೆ ಹೋಗಿ, ಟ್ರಾಲಿಯ ಹಿಡಿಕೆ ಹಿಡಿದು ನಿಂತ.

"ನಾನು ಕೇಳಿದೆ," ಅಂದ. ಅಷ್ಟೇ ಅಂದು ಹೊರಟುಹೋದ.

ತಿಂಗಳ ಕೊನೆಗೆ ಅವನು ಕೆಲಸ ಬಿಟ್ಟೇಬಿಟ್ಟ. ಸಿಟ್ಟಿನಿಂದಲ್ಲ, ಆ ಕಾರಿಡಾರಿನಲ್ಲಿ ಟ್ರಾಲಿ ತಳ್ಳಲು ಇನ್ನು ಕೈ ಬರುವುದಿಲ್ಲ, ಅದಕ್ಕೇ ಎಂದು ಹೇಳಿದನಂತೆ. ಗೋಡೆಗೆ ಸರಿದು ನಿಂತಿದ್ದವರೆಲ್ಲ ಅವನನ್ನು ಗೇಟಿನವರೆಗೂ ಕಳಿಸಲು ಹೋದರು. ಅದರಿಂದ ಅವನಿಗೆ ಏನು ಸಿಕ್ಕಿತೋ.

'ಕೈ' ಅನ್ನುವ ಪದ್ಧತಿ ನಿಲ್ಲಲಿಲ್ಲ. ಈಗ ಅದನ್ನು ಯಾರೂ ನಗುತ್ತ ಹೇಳುವುದಿಲ್ಲ, ಅಷ್ಟೇ ವ್ಯತ್ಯಾಸ. ಕೈಪೊಲೀಸ್ ಎಂದು ಸಣ್ಣಕ್ಕನನ್ನು ಯಾರೂ ರೇಗಿಸುವುದಿಲ್ಲ. ಅವಳು ಕರುಣೆಗೂ ಜಾಗ ಕೊಡದೆ ಎಲ್ಲರಿಗೂ ಹೇಳುತ್ತಾಳೆ. ಸಾಯುತ್ತಿರುವ ಅಜ್ಜನ ತಲೆ ಸವರಲು ಬಂದ ಮೊಮ್ಮಗಳಿಗೂ ಹೇಳಿದಳು. ಆ ಹುಡುಗಿ ಅಳುತ್ತ ಹೋಗಿ ತೊಳೆದುಕೊಂಡು ಬಂದಳು. ಬರುವವರೆಗೆ ಅಜ್ಜನ ಉಸಿರು ಇರಲಿ ಎಂದು ಸಣ್ಣಕ್ಕ ಮಂಚದ ಕಂಬಿ ಹಿಡಿದು ಕಾದಳು. ಇತ್ತು.

ದೊಡ್ಡಕ್ಕನ ಕೈಗಳ ಚರ್ಮ ಈಗ ಬಿರುಕು ಬಿಟ್ಟಿದೆ. ಸಂಜೆಯ ಹೊತ್ತು ಊಟದ ಹಾಲ್‌ನ ಬಾಗಿಲ ಪಕ್ಕದ ಬೇಸಿನ್ನಿನ ಮುಂದೆ ನಿಂತರೆ ಅವಳಿಗೆ ಅಲ್ಲಿಂದ ಕದಲಲಾಗುವುದಿಲ್ಲ. ಸೋಪು ಹಚ್ಚುತ್ತಾಳೆ, ತೊಳೆಯುತ್ತಾಳೆ, ಮತ್ತೆ ಹಚ್ಚುತ್ತಾಳೆ. ಒಂದು ಸಂಜೆ ಸಣ್ಣಕ್ಕ ಹೋಗಿ ಪಕ್ಕದಲ್ಲಿ ನಿಂತಳು. ಸಾಕು ಅಕ್ಕಾ ಅನ್ನಬೇಕೆಂದುಕೊಂಡಳು, ಅನ್ನಲಾಗಲಿಲ್ಲ.

"ಅಮ್ಮ ಅವತ್ತು ಶುಭ್ರವಾಗಿದೆ ಅಂದಳು," ಅಂದಳು ದೊಡ್ಡಕ್ಕ, ಕೈ ತಿರುಗಿಸಿ ಮುರುಗಿಸಿ ನೋಡುತ್ತ.

"ಹೂಂ. ನನಗೂ ಕೇಳಿಸ್ತು."

ನೀರು ಸುರಿಯುತ್ತಲೇ ಇತ್ತು. ಸಣ್ಣಕ್ಕ ಈ ಸಲ ನಲ್ಲಿಗೆ ಕೈ ಹಾಕಲಿಲ್ಲ. ದೊಡ್ಡಕ್ಕ ತಾನಾಗಿ ನಿಲ್ಲಿಸುವವರೆಗೆ ಟವೆಲ್ ಹಿಡಿದುಕೊಂಡು ಪಕ್ಕದಲ್ಲೇ ನಿಂತಿದ್ದಳು.